ಒಂದೇ ಇಡಿಗಂಟು, ಎರಡು ಹೊಣೆ: ಅರಿಜೋನಾದ ನಗದು ನೆರವು ಮತ್ತು ಮಕ್ಕಳ ರಕ್ಷಣೆಯ ಪ್ರಕರಣ

ಅಮೆರಿಕದ ನೈಋತ್ಯ ಭಾಗದಲ್ಲಿರುವ ಅರಿಜೋನಾ ರಾಜ್ಯವು ಮಕ್ಕಳಿರುವ ಬಡ ಕುಟುಂಬಗಳಿಗೆ ಕೊಡುವ ಮಾಸಿಕ ನಗದು ನೆರವನ್ನು 2016ರ ಜುಲೈ 1ರಿಂದ ಜೀವಮಾನದಲ್ಲಿ ಒಟ್ಟು ಹನ್ನೆರಡು ತಿಂಗಳಿಗೆ ಮಿತಿಗೊಳಿಸಿತು. ಫೆಡರಲ್ ಕಾನೂನು, ಅಂದರೆ ದೇಶದ ಕೇಂದ್ರ ಸರ್ಕಾರದ ಕಾನೂನು, ಅರವತ್ತು ತಿಂಗಳವರೆಗೆ ಅವಕಾಶ ಕೊಟ್ಟಿದೆ. ಆಗ ದೇಶದ ಬೇರಾವ ರಾಜ್ಯದಲ್ಲೂ ಇಷ್ಟು ಮೊಟಕಾದ ಮಿತಿ ಇರಲಿಲ್ಲ. ಅದೇ ವರ್ಷ ಅದೇ ರಾಜ್ಯದಲ್ಲಿ, ತಂದೆತಾಯಿಯರಿಂದ ಬೇರ್ಪಟ್ಟು ಸರ್ಕಾರದ ಸುಪರ್ದಿಯಲ್ಲಿ ಬೆಳೆಯುತ್ತಿದ್ದ ಮಕ್ಕಳ ಸಂಖ್ಯೆ ಹತ್ತೊಂಬತ್ತು ಸಾವಿರದ ಸಮೀಪಕ್ಕೆ ಏರಿತ್ತು. ಮೊದಲನೆಯದು ಬಡವರ ನೆರವಿನ ಸುದ್ದಿಯಾಗಿ, ಎರಡನೆಯದು ಮಕ್ಕಳ ರಕ್ಷಣೆಯ ಸುದ್ದಿಯಾಗಿ ಬೇರೆಬೇರೆ ಪುಟಗಳಲ್ಲಿ ಅಚ್ಚಾದವು. ಆದರೆ ರಾಜ್ಯದ ಆಯವ್ಯಯ ಪತ್ರದಲ್ಲಿ ಇವೆರಡೂ ಒಂದೇ ಅನುದಾನದ ಕೆಳಗೆ ಬರುವ ಸಾಲುಗಳು. ಒಂದು ಸಾಲಿನ ಮೊತ್ತ ಏರಬೇಕಾದರೆ ಇನ್ನೊಂದರ ಮೊತ್ತ ಇಳಿಯಲೇಬೇಕೆಂಬ ಸ್ಥಿತಿ ಹೇಗೆ ಉಂಟಾಯಿತು, ಅದರಲ್ಲಿ ಯಾರ ತೀರ್ಮಾನ ಎಷ್ಟಿತ್ತು ಮತ್ತು ವ್ಯವಸ್ಥೆಯ ರಚನೆಯೇ ಎಷ್ಟನ್ನು ನಿರ್ಧರಿಸಿಬಿಟ್ಟಿತ್ತು ಎಂಬುದನ್ನು ಪರಿಶೀಲಿಸುವುದು ಈ ಅಧ್ಯಯನದ ಉದ್ದೇಶ.

ಅನುದಾನದ ಸ್ವರೂಪ

1935ರ ಸಾಮಾಜಿಕ ಭದ್ರತಾ ಕಾಯ್ದೆಯಿಂದ ಆರಂಭವಾದ ಹಳೆಯ ವ್ಯವಸ್ಥೆಯಲ್ಲಿ, ಅವಲಂಬಿತ ಮಕ್ಕಳಿರುವ ಕುಟುಂಬಗಳಿಗೆ ರಾಜ್ಯವು ಎಷ್ಟು ನಗದು ಹಂಚಿದರೂ ಅದರ ಒಂದು ಪಾಲನ್ನು ಫೆಡರಲ್ ಸರ್ಕಾರ ಭರಿಸುತ್ತಿತ್ತು. ಆರ್ಥಿಕ ಹಿಂಜರಿತ ಬಂದು ಅರ್ಜಿದಾರರು ಹೆಚ್ಚಾದರೆ ಕೇಂದ್ರದ ಹಣವೂ ತಾನಾಗಿಯೇ ಹೆಚ್ಚುತ್ತಿತ್ತು. 1996ರ ಆಗಸ್ಟ್ 22ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾನೂನು ಈ ಪದ್ಧತಿಯನ್ನು ಕೊನೆಗೊಳಿಸಿತು. ಅದರ ಜಾಗದಲ್ಲಿ ಬಂದದ್ದು, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಟ್ಯಾನ್ಫ್ ಎಂದು ಕರೆಯಲಾಗುವ, ಅಗತ್ಯವಿರುವ ಕುಟುಂಬಗಳ ತಾತ್ಕಾಲಿಕ ನೆರವಿನ ಕಾರ್ಯಕ್ರಮ. ಇದರಡಿ ಎಲ್ಲ ರಾಜ್ಯಗಳಿಗೂ ಸೇರಿ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್ ಇಡಿಗಂಟಾಗಿ ಸಿಗುತ್ತದೆ. ಈ ಮೊತ್ತಕ್ಕೆ ಬೆಲೆಯೇರಿಕೆಯ ಹೊಂದಾಣಿಕೆ ಇಲ್ಲ. ಆದ್ದರಿಂದ ಕಾಲು ಶತಮಾನದಲ್ಲಿ ಅದರ ನಿಜಮೌಲ್ಯ ಶೇಕಡಾ ನಲವತ್ತಕ್ಕೂ ಹೆಚ್ಚು ಕರಗಿಹೋಗಿದೆ. ರಾಜ್ಯಗಳು ತಮ್ಮ ಪಾಲಾಗಿ, 1994ರಲ್ಲಿ ಇಂಥ ಕಾರ್ಯಕ್ರಮಗಳಿಗೆ ಖರ್ಚು ಮಾಡಿದ್ದ ಮೊತ್ತದ ಶೇಕಡಾ 75ರಿಂದ 80ರಷ್ಟನ್ನು ಪ್ರತಿವರ್ಷ ತೋರಿಸಬೇಕು. ಆ ಅಂಕಿಯೂ ಹಾಗೆಯೇ ನಿಂತುಬಿಟ್ಟಿದೆ.

ಪ್ರತಿ ರಾಜ್ಯದ ಪಾಲನ್ನು 1990ರ ದಶಕದ ಮೊದಲರ್ಧದ ಖರ್ಚಿನ ಮೇಲೆ ನಿಗದಿಪಡಿಸಲಾಯಿತು. ಅರಿಜೋನಾಕ್ಕೆ ಸಿಕ್ಕಿದ್ದು ಸುಮಾರು 22 ಕೋಟಿ ಡಾಲರ್. ನವಾಹೊ, ಹೋಪಿ ಮೊದಲಾದ ಮೂಲನಿವಾಸಿ ಸಮುದಾಯಗಳು ತಮ್ಮದೇ ಟ್ಯಾನ್ಫ್ ಕಾರ್ಯಕ್ರಮ ನಡೆಸಲು ಮುಂದಾದಾಗ ಅವರ ಪಾಲು ಬೇರೆಯಾಗಿ ರಾಜ್ಯದ ಕೈಯಲ್ಲಿ ಸುಮಾರು 20 ಕೋಟಿ ಉಳಿಯಿತು. ಆ ರಾಜ್ಯದ ಜನಸಂಖ್ಯೆ 1990ರಲ್ಲಿ ಸುಮಾರು 37 ಲಕ್ಷ, 2010ರಲ್ಲಿ 64 ಲಕ್ಷದ ಹತ್ತಿರ. ಜನ ಹೆಚ್ಚಿದರು, ಡಾಲರಿನ ಬೆಲೆ ಇಳಿಯಿತು, ಗಂಟು ಮಾತ್ರ ಇದ್ದಷ್ಟೇ ಇತ್ತು. ಹೀಗೆ ಬೇಗ ಬೆಳೆಯುತ್ತಿದ್ದ, ಮೊದಲಿನಿಂದಲೂ ನೆರವಿನ ಮೊತ್ತ ಕಡಿಮೆಯಿದ್ದ ಹದಿನೇಳು ರಾಜ್ಯಗಳಿಗೆ ಪೂರಕ ಅನುದಾನವೊಂದಿತ್ತು. ಅದರಲ್ಲಿ ಅರಿಜೋನಾದ ಪಾಲು ವರ್ಷಕ್ಕೆ ಸುಮಾರು 2.4 ಕೋಟಿ ಡಾಲರ್. ಅಮೆರಿಕದ ಸಂಸತ್ತು ಅದನ್ನು ನವೀಕರಿಸದೆ ಬಿಟ್ಟದ್ದರಿಂದ 2011ರ ಜೂನ್‌ನಲ್ಲಿ ಅದೂ ನಿಂತಿತು.

ಇಡಿಗಂಟು ಅನುದಾನದ ಇನ್ನೊಂದು ಲಕ್ಷಣವೆಂದರೆ ಬಳಕೆಯ ಸ್ವಾತಂತ್ರ್ಯ. ಕಾನೂನು ನಾಲ್ಕು ಉದ್ದೇಶಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯದು, ಮಕ್ಕಳು ತಮ್ಮ ಸ್ವಂತ ಮನೆಯಲ್ಲಿ ಅಥವಾ ಸಂಬಂಧಿಕರ ಮನೆಯಲ್ಲಿ ಬೆಳೆಯುವಂತಾಗಲು ಅಗತ್ಯವಿರುವ ಕುಟುಂಬಗಳಿಗೆ ನೆರವಾಗುವುದು. ಉಳಿದ ಮೂರು ಉದ್ಯೋಗ, ವಿವಾಹ ಮತ್ತು ತಂದೆತಾಯಿ ಇಬ್ಬರೂ ಇರುವ ಕುಟುಂಬಗಳಿಗೆ ಸಂಬಂಧಿಸಿದವು. ಈ ನಾಲ್ಕನ್ನು ಓದಿದವರಿಗೆ, ಮಗುವನ್ನು ಮನೆಯಿಂದ ತೆಗೆದು ಬೇರೆಡೆ ಇರಿಸುವ ಖರ್ಚು ಇದರೊಳಗೆ ಹೇಗೆ ಸೇರುತ್ತದೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಇರುವುದು ನಾಲ್ಕು ಉದ್ದೇಶಗಳ ಹೊರಗಿನ ಒಂದು ಉಪವಾಕ್ಯದಲ್ಲಿ. ಹಳೆಯ ವ್ಯವಸ್ಥೆಯಡಿ 1995ರ ಸೆಪ್ಟೆಂಬರ್ 30ರಂದು ರಾಜ್ಯಕ್ಕೆ ಯಾವ ಬಾಬಿಗೆ ಖರ್ಚು ಮಾಡಲು ಅಧಿಕಾರವಿತ್ತೋ ಆ ಬಾಬಿಗೆ ಹೊಸ ಹಣವನ್ನೂ ಬಳಸಬಹುದು ಎಂದು ಅದು ಹೇಳುತ್ತದೆ. ಹಳೆಯ ಕಾನೂನಿನಲ್ಲಿ ತುರ್ತು ನೆರವು ಎಂಬ ಶೀರ್ಷಿಕೆಯಿತ್ತು, ಮತ್ತು ಅನೇಕ ರಾಜ್ಯಗಳು ಆ ಶೀರ್ಷಿಕೆಯಡಿ ಮಕ್ಕಳ ರಕ್ಷಣೆಯ ವೆಚ್ಚವನ್ನು ಸೇರಿಸಿದ್ದವು. ಹೀಗೆ ಹಿಂದಿನ ಪದ್ಧತಿಯನ್ನು ಮುಂದುವರಿಸಲೆಂದು ಇಟ್ಟ ಒಂದು ಸಾಲು ಮುಂದಿನ ದಶಕಗಳಲ್ಲಿ ಹೆಬ್ಬಾಗಿಲೇ ಆಯಿತು. ಇದಲ್ಲದೆ ಅನುದಾನದ ಶೇಕಡಾ ಹತ್ತರಷ್ಟನ್ನು ಸಾಮಾಜಿಕ ಸೇವೆಗಳ ಮತ್ತೊಂದು ಅನುದಾನಕ್ಕೆ ವರ್ಗಾಯಿಸುವ ಅವಕಾಶವೂ ಇದೆ. ಅಲ್ಲಿಂದಲೂ ಹಣ ಮಕ್ಕಳ ರಕ್ಷಣೆಯ ಕಡೆಗೆ ಹರಿಯಬಲ್ಲದು. ಇದೆಲ್ಲವೂ ಕಾನೂನುಬದ್ಧ. ಈ ಪ್ರಕರಣದಲ್ಲಿ ಹಣ ಕದ್ದವರನ್ನು ಹುಡುಕಲು ಹೋದರೆ ವಿಷಯವೇ ತಪ್ಪಿಹೋಗುತ್ತದೆ.

ಮಕ್ಕಳ ರಕ್ಷಣೆಗೆ ಬೇರೆಯೇ ಒಂದು ಫೆಡರಲ್ ಮೂಲವೂ ಉಂಟು. 1980ರ ಕಾನೂನಿನಿಂದ ಬಂದ, ಟೈಟಲ್ ಫೋರ್-ಇ ಎಂದು ಕರೆಯಲಾಗುವ ಅದರಲ್ಲಿ, ಸಾಕು ಕುಟುಂಬದ, ಅಂದರೆ ಬೇರ್ಪಟ್ಟ ಮಗುವನ್ನು ಸರ್ಕಾರದ ಪರವಾಗಿ ತಾತ್ಕಾಲಿಕವಾಗಿ ನೋಡಿಕೊಳ್ಳುವ ಮನೆಯ, ಆರೈಕೆಯಲ್ಲಿರುವ ಅರ್ಹ ಮಗುವಿನ ಪಾಲನೆ ವೆಚ್ಚದ ಒಂದು ಪಾಲನ್ನು ಕೇಂದ್ರ ಸರ್ಕಾರ ಗರಿಷ್ಠ ಮಿತಿಯಿಲ್ಲದೆ ಕೊಡುತ್ತದೆ. ಅರಿಜೋನಾಕ್ಕೆ ಆ ಪಾಲು ಮೂರನೇ ಎರಡು ಭಾಗಕ್ಕಿಂತ ಹೆಚ್ಚು. ಆದರೆ ಮಗು ಅರ್ಹವೇ ಎಂದು ನಿರ್ಧರಿಸುವ ಅಳತೆಗೋಲು ವಿಚಿತ್ರವಾದದ್ದು. ಯಾವ ಮನೆಯಿಂದ ಮಗುವನ್ನು ತೆಗೆಯಲಾಯಿತೋ ಆ ಮನೆಯ ಆದಾಯ, 1996ರ ಜುಲೈ 16ರಂದು ಆ ರಾಜ್ಯದಲ್ಲಿ ಜಾರಿಯಲ್ಲಿದ್ದ ಹಳೆಯ ನಗದು ನೆರವಿನ ಆದಾಯ ಮಿತಿಯೊಳಗೆ ಇರಬೇಕು. ಬೆಲೆಗಳು ಏರಿದಂತೆ ಸಂಬಳದ ಅಂಕಿಗಳೂ ಏರುತ್ತವೆ, ಆ ಮಿತಿ ಮಾತ್ರ ಅಲುಗಾಡುವುದಿಲ್ಲ. ಆದ್ದರಿಂದ ವರ್ಷದಿಂದ ವರ್ಷಕ್ಕೆ ಹೆಚ್ಚುಹೆಚ್ಚು ಮಕ್ಕಳು, ಬಡ ಮನೆಯವರಾಗಿದ್ದರೂ, ಅನರ್ಹರಾಗುತ್ತಾರೆ. ಅವರ ಖರ್ಚನ್ನು ರಾಜ್ಯ ಎಲ್ಲಿಂದಾದರೂ ಹೊಂದಿಸಬೇಕು. ಕೈಗೆ ಹತ್ತಿರವಿರುವುದು ಟ್ಯಾನ್ಫ್.

2008ರ ನಂತರ

ಮನೆಗಳ ಬೆಲೆ ಕುಸಿದಾಗ ಅತಿ ಹೆಚ್ಚು ಪೆಟ್ಟು ತಿಂದ ರಾಜ್ಯಗಳಲ್ಲಿ ಅರಿಜೋನಾ ಒಂದು. ಕಟ್ಟಡ ಕೆಲಸ ನಿಂತಿತು, ತೆರಿಗೆ ಆದಾಯ ಬಿತ್ತು, ರಾಜ್ಯದ ಬೊಕ್ಕಸ ಎಷ್ಟು ಬರಿದಾಯಿತೆಂದರೆ 2010ರಲ್ಲಿ ಶಾಸಕಾಂಗದ ಕಟ್ಟಡಗಳೂ ಸೇರಿದಂತೆ ಸರ್ಕಾರಿ ಕಟ್ಟಡಗಳನ್ನೇ ಮಾರಿ, ಅವುಗಳಲ್ಲೇ ಬಾಡಿಗೆಗೆ ಕುಳಿತುಕೊಳ್ಳುವ ಒಪ್ಪಂದ ಮಾಡಿಕೊಳ್ಳಲಾಯಿತು. ಅದೇ ವರ್ಷ ಮತದಾರರು ಮೂರು ವರ್ಷಗಳ ಅವಧಿಗೆ ಮಾರಾಟ ತೆರಿಗೆಯನ್ನು ಡಾಲರಿಗೆ ಒಂದು ಸೆಂಟ್ ಏರಿಸಲು ಒಪ್ಪಿದರು. ಇಂಥ ಹೊತ್ತಿನಲ್ಲಿ ನಗದು ನೆರವು ಕೇಳುವವರೂ ಹೆಚ್ಚಾದರು, ಮಕ್ಕಳ ಬಗ್ಗೆ ದೂರವಾಣಿ ದೂರುಗಳೂ ಹೆಚ್ಚಾದವು.

ಕಡಿತಗಳು ಒಂದರ ಹಿಂದೊಂದು ಬಂದವು. 2009ರ ಫೆಬ್ರವರಿಯಲ್ಲಿ, ದುಡಿಯುವ ಬಡ ತಾಯಂದಿರಿಗೆ ಮಗುವನ್ನು ಹಗಲು ನೋಡಿಕೊಳ್ಳುವ ಕೇಂದ್ರಕ್ಕೆ ಬಿಡಲು ಕೊಡುತ್ತಿದ್ದ ಸಹಾಯಧನಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿ ಕಾಯುವವರ ಪಟ್ಟಿ ಆರಂಭಿಸಲಾಯಿತು. ಅದೇ ವರ್ಷ ನಗದು ನೆರವಿನ ಮೊತ್ತವನ್ನು ಐದನೇ ಒಂದು ಭಾಗದಷ್ಟು ಇಳಿಸಲಾಯಿತು. ಅರವತ್ತು ತಿಂಗಳಿದ್ದ ಮಿತಿ 2010ರಲ್ಲಿ ಮೂವತ್ತಾರಕ್ಕೂ 2011ರಲ್ಲಿ ಇಪ್ಪತ್ತನಾಲ್ಕಕ್ಕೂ ಇಳಿಯಿತು. ನಗದು ಪಡೆಯುವ ಕುಟುಂಬಗಳ ಸಂಖ್ಯೆ 2009ರ ಸುಮಾರಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚಿದ್ದದ್ದು, ಮುಂದಿನ ದಶಕ ಮುಗಿಯುವಷ್ಟರಲ್ಲಿ ಹತ್ತು ಸಾವಿರದ ಕೆಳಗೆ ಬಂತು. ಬಡತನ ಅಷ್ಟೇ ವೇಗದಲ್ಲಿ ಇಳಿಯಲಿಲ್ಲ. ಇಡೀ ದೇಶದಲ್ಲಿ 1996ರಲ್ಲಿ ನೂರು ಬಡ ಕುಟುಂಬಗಳಲ್ಲಿ 68ಕ್ಕೆ ಈ ನೆರವು ತಲುಪುತ್ತಿತ್ತು, 2020ರಲ್ಲಿ 21ಕ್ಕೆ. ಅರಿಜೋನಾದಲ್ಲಿ ಆ ಹೊತ್ತಿಗೆ ಅದು ಹತ್ತಕ್ಕಿಂತ ಕಡಿಮೆ.

ಈ ಕಡಿತಗಳಿಂದ ಉಳಿದ ಹಣ ಎಲ್ಲಿಗೆ ಹೋಯಿತೆಂಬುದಕ್ಕೆ ಗುಟ್ಟೇನೂ ಇಲ್ಲ. ರಾಜ್ಯದ ಜಂಟಿ ಶಾಸಕಾಂಗ ಆಯವ್ಯಯ ಸಮಿತಿಯ ವಾರ್ಷಿಕ ವರದಿಯಲ್ಲಿ ಟ್ಯಾನ್ಫ್ ಹಣದ ಹಂಚಿಕೆಯ ಒಂದು ಕೋಷ್ಟಕ ಇರುತ್ತದೆ. ಅದರಲ್ಲಿ ನಗದು ನೆರವು, ಉದ್ಯೋಗ ತರಬೇತಿ, ಕೌಟುಂಬಿಕ ದೌರ್ಜನ್ಯ ತಡೆ ಇವೆಲ್ಲ ಒಂದು ಇಲಾಖೆಯ ಕೆಳಗೆ ಬರುತ್ತವೆ. ಸಾಕು ಕುಟುಂಬಗಳಿಗೆ ಪಾವತಿ, ಹಲವು ಮಕ್ಕಳನ್ನು ಒಟ್ಟಿಗೆ ಇರಿಸುವ ಗುಂಪು ನಿಲಯಗಳ ವೆಚ್ಚ, ಶಾಶ್ವತ ಪಾಲಕತ್ವ, ಸಿಬ್ಬಂದಿಯ ನಿರ್ವಹಣೆ ಇವು ಇನ್ನೊಂದರ ಕೆಳಗೆ ಬರುತ್ತವೆ. ಎರಡನೆಯ ಗುಂಪಿನ ಪಾಲು ವರ್ಷ ಕಳೆದಂತೆ ಅರ್ಧವನ್ನು ದಾಟಿತು. 2021ರ ಕೊನೆಯಲ್ಲಿ ತನಿಖಾ ಸುದ್ದಿ ಸಂಸ್ಥೆ ಪ್ರೊಪಬ್ಲಿಕಾ ಈ ಬಗ್ಗೆ ಬರೆದಾಗ ಅದು ಶೇಕಡಾ 60ರ ಆಸುಪಾಸಿನಲ್ಲಿತ್ತು.

278 ಡಾಲರ್ ಎಂಬ ಅಂಕಿ

ಇಡೀ ಪ್ರಕರಣದಲ್ಲಿ ನಿಂತು ನೋಡಬೇಕಾದ ಅಂಕಿಯೆಂದರೆ ಇದು. ತಾಯಿ ಮತ್ತು ಇಬ್ಬರು ಮಕ್ಕಳಿರುವ, ಬೇರೆ ಆದಾಯವಿಲ್ಲದ ಕುಟುಂಬಕ್ಕೆ ಅರಿಜೋನಾದಲ್ಲಿ ತಿಂಗಳಿಗೆ ಸಿಗುತ್ತಿದ್ದ ಗರಿಷ್ಠ ನಗದು 278 ಡಾಲರ್. ಇದರ ಲೆಕ್ಕ ಹೀಗಿದೆ. ರಾಜ್ಯದ ಕಾನೂನು ನೆರವಿನ ಮಟ್ಟವನ್ನು 1992ರ ಫೆಡರಲ್ ಬಡತನ ಮಾರ್ಗಸೂಚಿಯ ಶೇಕಡಾ 36ಕ್ಕೆ ಕಟ್ಟಿಹಾಕಿತ್ತು. 1992ರಲ್ಲಿ ಮೂವರ ಕುಟುಂಬಕ್ಕೆ ಆ ಮಾರ್ಗಸೂಚಿ ವರ್ಷಕ್ಕೆ 11,570 ಡಾಲರ್, ಅಂದರೆ ತಿಂಗಳಿಗೆ ಸುಮಾರು 964. ಅದರ ಶೇಕಡಾ 36 ಎಂದರೆ 347. 2009ರಲ್ಲಿ ಅದರಿಂದ ಐದನೇ ಒಂದು ಭಾಗ ಕಳೆದಾಗ ಉಳಿದದ್ದು 278. 2016ರ ಹೊತ್ತಿಗೆ ಅದೇ ಮೂವರ ಕುಟುಂಬದ ಬಡತನ ಮಾರ್ಗಸೂಚಿ ವರ್ಷಕ್ಕೆ 20,160 ಡಾಲರಿಗೆ, ತಿಂಗಳಿಗೆ 1,680ಕ್ಕೆ ಏರಿತ್ತು. ಅಂದರೆ ಸರ್ಕಾರವೇ ಬಡತನದ ಗೆರೆಯೆಂದು ಎಳೆದದ್ದರ ಆರನೇ ಒಂದು ಭಾಗವನ್ನು ನೆರವು ಮುಟ್ಟುತ್ತಿತ್ತು. ಹನ್ನೆರಡು ತಿಂಗಳು ಪೂರ್ತಿ ಪಡೆದರೂ ಒಂದು ಕುಟುಂಬಕ್ಕೆ ಜೀವಮಾನದಲ್ಲಿ ಸಿಗುವ ಒಟ್ಟು ಮೊತ್ತ 3,336 ಡಾಲರ್.

ಈಗ ಅದೇ ಇಬ್ಬರು ಮಕ್ಕಳನ್ನು ನಿರ್ಲಕ್ಷ್ಯದ ಕಾರಣಕ್ಕೆ ಮನೆಯಿಂದ ತೆಗೆದರೆ ಏನಾಗುತ್ತಿತ್ತೆಂದು ನೋಡಬಹುದು. ಪರವಾನಗಿ ಪಡೆದ ಸಾಕು ಕುಟುಂಬಕ್ಕೆ ಒಂದು ಮಗುವಿಗೆ ದಿನಕ್ಕೆ ಸುಮಾರು 20 ಡಾಲರ್ ಕೊಡಲಾಗುತ್ತಿತ್ತು. ಇಬ್ಬರಿಗೆ ತಿಂಗಳಿಗೆ ಸಾವಿರದ ಇನ್ನೂರರ ಸುಮಾರು. ಮನೆ ಸಿಗದೆ ಗುಂಪು ನಿಲಯದಲ್ಲಿ ಇರಿಸಿದರೆ ಒಂದು ಮಗುವಿಗೆ ದಿನಕ್ಕೆ ನೂರು ಡಾಲರಿಗೂ ಹೆಚ್ಚು. ಇದರ ಮೇಲೆ ಕೇಸ್ ನೋಡಿಕೊಳ್ಳುವವರ ಸಂಬಳ, ವಕೀಲರ ಮತ್ತು ನ್ಯಾಯಾಲಯದ ಖರ್ಚು ಬೇರೆ. ಆದರೆ ಅದೇ ಮಕ್ಕಳನ್ನು ಪರವಾನಗಿಯಿಲ್ಲದ ಅಜ್ಜಿಯ ಅಥವಾ ಚಿಕ್ಕಮ್ಮನ ಮನೆಯಲ್ಲಿ ಇರಿಸಿದರೆ ಸಿಗುತ್ತಿದ್ದ ಭತ್ಯೆ ಒಂದು ಮಗುವಿಗೆ ತಿಂಗಳಿಗೆ 75 ಡಾಲರ್. ಮಗುವಿನ ಹೆಸರಿಗೆ ಮಾತ್ರ ನಗದು ನೆರವು ಕೇಳುವ ದಾರಿ ಅಜ್ಜಿಗೆ ಇತ್ತಾದರೂ, ಒಟ್ಟು ಮೊತ್ತ ಅಪರಿಚಿತ ಕುಟುಂಬಕ್ಕೆ ಕೊಡುವ ಹಣದ ಹತ್ತಿರಕ್ಕೂ ಬರುತ್ತಿರಲಿಲ್ಲ. ರಾಜ್ಯದ ಸುಪರ್ದಿಯಲ್ಲಿದ್ದ ಮಕ್ಕಳಲ್ಲಿ ದೊಡ್ಡ ಪಾಲು ಇಂಥ ಸಂಬಂಧಿಕರ ಮನೆಗಳಲ್ಲೇ ಇತ್ತು.

ಸ್ವಂತ ತಾಯಿಗೂ ಸಂಬಂಧಿಕರಿಗೂ ಬಹಳ ಕಡಿಮೆ, ಅಪರಿಚಿತರಿಗೆ ಹಲವು ಪಟ್ಟು, ಗುಂಪು ನಿಲಯಕ್ಕೆ ಅದಕ್ಕೂ ಹಲವು ಪಟ್ಟು. ಸಾಕು ಕುಟುಂಬಗಳಿಗೆ ಕೊಡುವುದು ಹೆಚ್ಚಾಯಿತೆಂದು ಹೇಳಲಾಗದು. ಬೇರೆಯವರ ಮಗುವನ್ನು ದಿನಕ್ಕೆ 20 ಡಾಲರಿನಲ್ಲಿ ಉಣ್ಣಿಸಿ ತೊಡಿಸಿ ಶಾಲೆಗೆ ಕಳಿಸುವುದೂ ಸುಲಭವಲ್ಲ. ಆದರೆ ಮಗುವನ್ನು ಸಾಕಲು ಎಷ್ಟು ಬೇಕು ಎಂಬ ಪ್ರಶ್ನೆಗೆ ಒಂದೇ ಸರ್ಕಾರ, ಒಂದೇ ಅನುದಾನದಿಂದ, ಮಗು ಯಾರ ಮಡಿಲಲ್ಲಿದೆ ಎಂಬುದರ ಮೇಲೆ ಇಷ್ಟು ಭಿನ್ನ ಉತ್ತರಗಳನ್ನು ಕೊಡುತ್ತಿತ್ತೆಂಬುದು ಗಮನಿಸತಕ್ಕದ್ದು. ಲೆಕ್ಕದ ಒತ್ತಡವೂ ಅದೇ ದಿಕ್ಕಿನಲ್ಲಿತ್ತು. ತಾಯಿಗೆ ಕೊಡುವ ಹೆಚ್ಚುವರಿ ಡಾಲರ್ ಇಡಿಗಂಟಿನಿಂದಲೇ ಹೋಗಬೇಕು, ಕೇಂದ್ರದಿಂದ ಅದಕ್ಕೆ ಹೊಸದಾಗಿ ಏನೂ ಬರುವುದಿಲ್ಲ. ಟೈಟಲ್ ಫೋರ್-ಇಗೆ ಅರ್ಹವಾದ ಮಗುವನ್ನು ಸಾಕು ಕುಟುಂಬದಲ್ಲಿ ಇರಿಸಿದರೆ ಆ ಖರ್ಚಿನ ಹೆಚ್ಚಿನ ಪಾಲು ಕೇಂದ್ರದಿಂದ ವಾಪಸು ಬರುತ್ತದೆ. ಯಾವ ಅಧಿಕಾರಿಯೂ ಹಣಕ್ಕಾಗಿ ಮಗುವನ್ನು ತಾಯಿಯಿಂದ ಬಿಡಿಸುತ್ತಾನೆಂದು ಇದರ ಅರ್ಥವಲ್ಲ. ಆದರೆ ಆಯವ್ಯಯ ತಯಾರಿಸುವ ಮೇಜಿನ ಮುಂದೆ, ಯಾವ ಖರ್ಚು ದುಬಾರಿ ಯಾವುದು ಅಗ್ಗ ಎಂಬ ಭಾವನೆಯನ್ನು ಇಂಥ ನಿಯಮಗಳೇ ರೂಪಿಸುತ್ತವೆ.

2013ರ ನವೆಂಬರ್

ಹಣ ಒಂದೇ ಕಡೆಗೆ ವಾಲಿದ್ದಕ್ಕೆ ಅನುದಾನದ ರಚನೆಯೊಂದನ್ನೇ ಹೊಣೆ ಮಾಡಿದರೆ ಕಥೆ ಅರ್ಧವಾಗುತ್ತದೆ. ಮಕ್ಕಳ ರಕ್ಷಣಾ ವಿಭಾಗದಲ್ಲಿ ನಿಜವಾದ ಕುಸಿತವೇ ಆಗಿತ್ತು. ಮಕ್ಕಳ ಮೇಲಿನ ದೌರ್ಜನ್ಯ ಮತ್ತು ನಿರ್ಲಕ್ಷ್ಯದ ಬಗ್ಗೆ ಸಹಾಯವಾಣಿಗೆ ಬಂದ 6,500ಕ್ಕೂ ಹೆಚ್ಚು ವರದಿಗಳ ಮೇಲೆ 'ಎನ್.ಐ.', ಅಂದರೆ ತನಿಖೆ ಇಲ್ಲ, ಎಂದು ಗುರುತು ಹಾಕಿ ಬದಿಗೆ ಸರಿಸಲಾಗಿದ್ದದ್ದು 2013ರ ನವೆಂಬರ್‌ನಲ್ಲಿ ಬೆಳಕಿಗೆ ಬಂತು. ಅರ್ಹ ವರದಿಗಳೆಲ್ಲವನ್ನೂ ತನಿಖೆ ಮಾಡಲೇಬೇಕೆಂದು ರಾಜ್ಯದ ಕಾನೂನು ಹೇಳುತ್ತಿತ್ತು. ಒಬ್ಬೊಬ್ಬ ತನಿಖಾ ಸಿಬ್ಬಂದಿಯ ಮೇಲೂ ಹೊರಲಾಗದಷ್ಟು ಫೈಲುಗಳು ಬಿದ್ದಿದ್ದಾಗ ಯಾರೋ ಕಂಡುಕೊಂಡ ಅಡ್ಡದಾರಿ ಅದು.

ರಾಜ್ಯ ಸರ್ಕಾರದ ಚುನಾಯಿತ ಮುಖ್ಯಸ್ಥೆಯಾದ ಗವರ್ನರ್ ಜ್ಯಾನ್ ಬ್ರೂವರ್ 2014ರ ಜನವರಿಯಲ್ಲಿ ಆ ವಿಭಾಗವನ್ನೇ ರದ್ದುಪಡಿಸುವುದಾಗಿ ಘೋಷಿಸಿದರು. ಮೇ ತಿಂಗಳಲ್ಲಿ ವಿಶೇಷ ಅಧಿವೇಶನ ಕರೆದು ಮಕ್ಕಳ ಸುರಕ್ಷತಾ ಇಲಾಖೆಯೆಂಬ ಪ್ರತ್ಯೇಕ ಇಲಾಖೆ ಸ್ಥಾಪಿಸಲಾಯಿತು. ಅಲ್ಲಿಯವರೆಗೆ ನಗದು ನೆರವೂ ಮಕ್ಕಳ ರಕ್ಷಣೆಯೂ ಆರ್ಥಿಕ ಭದ್ರತಾ ಇಲಾಖೆಯ ಎರಡು ಶಾಖೆಗಳಾಗಿದ್ದವು. ಈಗ ಎರಡು ಇಲಾಖೆಗಳಾದವು, ಆದರೆ ಗಂಟು ಒಂದೇ ಉಳಿಯಿತು. ಹೊಸ ಇಲಾಖೆಗೆ ರಾಜ್ಯದ ಸಾಮಾನ್ಯ ನಿಧಿಯಿಂದಲೂ ಹೆಚ್ಚು ಹಣ ಬಂತೆಂಬುದನ್ನು ಇಲ್ಲಿ ಹೇಳಲೇಬೇಕು. ಬಾಕಿ ಬಿದ್ದ ತನಿಖೆಗಳನ್ನು ಮುಗಿಸಲು, ಸಿಬ್ಬಂದಿ ನೇಮಿಸಲು ಅದು ಬೇಕೇ ಇತ್ತು. ತನಿಖೆಗಳು ಹೆಚ್ಚಿದಂತೆ ಮನೆಯಿಂದ ತೆಗೆದ ಮಕ್ಕಳೂ ಹೆಚ್ಚಿದರು. 2009ರಲ್ಲಿ ಹತ್ತು ಸಾವಿರದಷ್ಟಿದ್ದವರು ಏಳು ವರ್ಷಗಳಲ್ಲಿ ಹತ್ತಿರಹತ್ತಿರ ಇಮ್ಮಡಿಯಾದರು. ಸಾಕು ಮನೆಗಳ ಕೊರತೆ, ಆರೋಗ್ಯ ಸೇವೆಯ ವಿಳಂಬ ಇತ್ಯಾದಿಗಳ ಬಗ್ಗೆ 2015ರ ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ಸಾಮೂಹಿಕ ಮೊಕದ್ದಮೆಯೂ ದಾಖಲಾಯಿತು.

ಇಲ್ಲಿ ಎರಡು ಬಾಬುಗಳ ನಡುವಿನ ಅಸಮಾನತೆ ಸ್ಪಷ್ಟವಾಗುತ್ತದೆ. ಸುಪರ್ದಿಗೆ ತೆಗೆದುಕೊಂಡ ಮಗುವಿಗೆ ನ್ಯಾಯಾಧೀಶರಿದ್ದಾರೆ, ವಕೀಲರಿದ್ದಾರೆ, ಆ ಮಗುವಿಗೆ ಏನಾದರೂ ಆದರೆ ಮರುದಿನ ಪತ್ರಿಕೆಯಲ್ಲಿ ಇಲಾಖೆಯ ಹೆಸರಿರುತ್ತದೆ. ಅದರ ಊಟಕ್ಕೂ ವಸತಿಗೂ ಹಣವಿಲ್ಲ ಎಂದು ಯಾವ ರಾಜ್ಯವೂ ಹೇಳಲಾಗದು. ನಗದು ನೆರವು ನಿಂತ ತಾಯಿಗೆ ಇದಾವುದೂ ಇಲ್ಲ. 1996ರ ಕಾನೂನು, ಈ ನೆರವು ಯಾವ ವ್ಯಕ್ತಿಯ ಹಕ್ಕೂ ಅಲ್ಲವೆಂದು ನೇರವಾಗಿಯೇ ಬರೆದಿದೆ. ಎರಡು ಬೇಡಿಕೆಗಳು ಒಂದೇ ನಿಶ್ಚಿತ ಮೊತ್ತದ ಮೇಲೆ ಬಿದ್ದಾಗ, ಒಂದರ ಹಿಂದೆ ನ್ಯಾಯಾಲಯವಿದ್ದು ಇನ್ನೊಂದರ ಹಿಂದೆ ಯಾರೂ ಇಲ್ಲದಿದ್ದರೆ, ಯಾವುದು ಗೆಲ್ಲುತ್ತದೆಂದು ಊಹಿಸಲು ಶಾಸಕರ ಮನೋಧರ್ಮವನ್ನು ತಿಳಿಯುವ ಅಗತ್ಯವೂ ಇಲ್ಲ.

ಆದರೂ ಮನೋಧರ್ಮದ ಪಾತ್ರ ಇರಲೇ ಇಲ್ಲವೆನ್ನಲಾಗದು. ಮಾರಾಟ ತೆರಿಗೆಯ ತಾತ್ಕಾಲಿಕ ಏರಿಕೆಯ ಅವಧಿ 2013ರಲ್ಲಿ ಮುಗಿದಿತ್ತು. 2015ರಲ್ಲಿ ಹೊಸ ಗವರ್ನರ್ ಡಗ್ ಡ್ಯೂಸಿ ಅಧಿಕಾರಕ್ಕೆ ಬಂದಾಗ ಆಯವ್ಯಯದ ಕೊರತೆ ಸುಮಾರು ನೂರು ಕೋಟಿ ಡಾಲರ್. ಆ ವರ್ಷದ ಆಯವ್ಯಯದಲ್ಲೇ ಹನ್ನೆರಡು ತಿಂಗಳ ಮಿತಿ ಬಂತು. ನೆರವು ತಾತ್ಕಾಲಿಕವಾಗಿರಬೇಕು, ದೀರ್ಘಕಾಲದ ನೆರವು ದುಡಿಮೆಯ ಉತ್ಸಾಹ ಕುಗ್ಗಿಸುತ್ತದೆ, ಉಳಿದ ಹಣ ಇನ್ನೂ ತುರ್ತಾದ ಕೆಲಸಕ್ಕೆ ಬೇಕು ಎಂಬುದು ಮಿತಿಯ ಪರವಾಗಿದ್ದವರ ವಾದ. ಹಿಂದೆ ನೆರವು ಪಡೆದ ತಿಂಗಳುಗಳೂ ಲೆಕ್ಕಕ್ಕೆ ಸೇರುತ್ತಿದ್ದ ಕಾರಣ, ಮಿತಿ ಜಾರಿಯಾದೊಡನೆ ಸುಮಾರು 1,600 ಕುಟುಂಬಗಳು, ಅವುಗಳಲ್ಲಿ 2,700ಕ್ಕೂ ಹೆಚ್ಚು ಮಕ್ಕಳು, ನೆರವು ಕಳೆದುಕೊಳ್ಳುವರೆಂದು ಅಂದಾಜಿಸಲಾಗಿತ್ತು. ಉಳಿತಾಯದ ಅಂದಾಜು 40 ಲಕ್ಷ ಡಾಲರ್. ನೂರು ಕೋಟಿಯ ಕೊರತೆಯ ಮುಂದೆ ಇದು ಸಾವಿರಕ್ಕೆ ನಾಲ್ಕು ಪಾಲು. ಹಣದ ಅಗತ್ಯವೊಂದೇ ಈ ತೀರ್ಮಾನವನ್ನು ವಿವರಿಸಲಾರದು ಎಂಬುದಕ್ಕೆ ಈ ಅನುಪಾತಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ರಚನೆಯು ಹಣವನ್ನು ಒಂದು ಕಡೆಗೆ ತಳ್ಳಿತು, ಕೊನೆಯ ಹೆಜ್ಜೆ ಮಾತ್ರ ಆಯ್ಕೆಯಿಂದ ಇಟ್ಟದ್ದು.

ಕಾರಣ ಮತ್ತು ಪರಿಣಾಮ

ನಗದು ನೆರವು ಕಡಿಮೆಯಾದದ್ದರಿಂದಲೇ ಸುಪರ್ದಿಯ ಮಕ್ಕಳು ಹೆಚ್ಚಾದರೇ? ಎರಡು ಗೆರೆಗಳು ಒಂದೇ ಕಾಲದಲ್ಲಿ ವಿರುದ್ಧ ದಿಕ್ಕಿಗೆ ಸಾಗಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಅರಿಜೋನಾದಲ್ಲಿ ಅದೇ ವರ್ಷಗಳಲ್ಲಿ ನಿರುದ್ಯೋಗವಿತ್ತು, ಮಾದಕ ವ್ಯಸನವಿತ್ತು, ಶಿಶುಪಾಲನೆಯ ಸಹಾಯಧನವೂ ಮನೆಗೇ ಬಂದು ಕುಟುಂಬಕ್ಕೆ ಬೆಂಬಲ ಕೊಡುವ ಸೇವೆಗಳೂ ಕಡಿತಗೊಂಡಿದ್ದವು, 2013ರ ಹಗರಣದ ನಂತರ ತನಿಖಾಧಿಕಾರಿಗಳು ಎಚ್ಚರಿಕೆಯ ಕಡೆಗೆ ವಾಲಿ ಮಕ್ಕಳನ್ನು ತೆಗೆಯುವ ಪ್ರವೃತ್ತಿಯೂ ಹೆಚ್ಚಿರಬಹುದು. ಇವನ್ನೆಲ್ಲ ಬಿಡಿಸಿ ನೋಡುವುದು ಒಂದು ರಾಜ್ಯದ ಅಂಕಿಗಳಿಂದ ಸಾಧ್ಯವಿಲ್ಲ.

ಬೇರೆಡೆ ನಡೆದ ಅಧ್ಯಯನಗಳು ಮಾತ್ರ ಒಂದೇ ದಿಕ್ಕನ್ನು ತೋರಿಸುತ್ತವೆ. ವಿಸ್ಕಾನ್ಸಿನ್ ರಾಜ್ಯದಲ್ಲಿ 1997ರಿಂದ ನಡೆದ ಪ್ರಯೋಗವೊಂದರಲ್ಲಿ, ನೆರವು ಪಡೆಯುತ್ತಿದ್ದ ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಮಕ್ಕಳ ತಂದೆ ಕಟ್ಟಿದ ಜೀವನಾಂಶ ಪೂರ್ತಿ ಸಿಗುತ್ತಿತ್ತು, ಇನ್ನೊಂದಕ್ಕೆ ಸಿಗುತ್ತಿದ್ದದ್ದು ಅದರ ಒಂದು ಭಾಗ, ಉಳಿದದ್ದನ್ನು ಸರ್ಕಾರ ಇಟ್ಟುಕೊಳ್ಳುತ್ತಿತ್ತು. ವ್ಯತ್ಯಾಸದ ಮೊತ್ತ ದೊಡ್ಡದಲ್ಲ. ಆದರೂ ಪೂರ್ತಿ ಪಡೆದ ಕುಟುಂಬಗಳ ಮೇಲೆ ತನಿಖೆಗೆ ಅರ್ಹವಾದ ದೂರು ಬರುವ ಸಾಧ್ಯತೆ ಸುಮಾರು ಹತ್ತನೇ ಒಂದರಷ್ಟು ಕಡಿಮೆಯಾಗಿತ್ತೆಂದು 2013ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ಚೀಟಿಯಿಂದ ಆದ ವಿಂಗಡಣೆಯಾದ್ದರಿಂದ ಇದಕ್ಕೆ ಹೆಚ್ಚಿನ ತೂಕವಿದೆ. ಕಾನ್ಸಾಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ಡೊನ್ನಾ ಗಿಂಥರ್ ಮತ್ತು ಸಂಗಡಿಗರು 2022ರಲ್ಲಿ ರಾಜ್ಯರಾಜ್ಯಗಳ ಟ್ಯಾನ್ಫ್ ನಿಯಮಗಳನ್ನು ಹೋಲಿಸಿ, ನಿಯಮಗಳು ಸಡಿಲವಾದಲ್ಲಿ ನಿರ್ಲಕ್ಷ್ಯಕ್ಕೊಳಗಾದ ಮಕ್ಕಳೂ ಸಾಕು ಕುಟುಂಬಕ್ಕೆ ಹೋಗುವ ಮಕ್ಕಳೂ ಕಡಿಮೆಯಾಗುವುದನ್ನು ಕಂಡರು.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅಮೆರಿಕದಲ್ಲಿ ಮಕ್ಕಳನ್ನು ಮನೆಯಿಂದ ತೆಗೆಯುವ ಪ್ರಕರಣಗಳಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನವುಗಳಲ್ಲಿ ನಮೂದಾಗುವ ಕಾರಣ ಹೊಡೆತವಲ್ಲ, ನಿರ್ಲಕ್ಷ್ಯ. ಮನೆಯಲ್ಲಿ ಆಹಾರವಿಲ್ಲ, ವಿದ್ಯುತ್ ಕಡಿತವಾಗಿದೆ, ತಾಯಿ ರಾತ್ರಿ ಪಾಳಿಗೆ ಹೋದಾಗ ಚಿಕ್ಕ ಮಗುವನ್ನು ಅದಕ್ಕಿಂತ ತುಸು ದೊಡ್ಡ ಮಗು ನೋಡಿಕೊಳ್ಳುತ್ತಿದೆ, ಕುಟುಂಬ ಕಾರಿನಲ್ಲಿ ಮಲಗುತ್ತಿದೆ. ಇವು ಬಡತನದ ಲಕ್ಷಣಗಳೂ ಹೌದು, ಕಾನೂನಿನ ಕಣ್ಣಿಗೆ ನಿರ್ಲಕ್ಷ್ಯದ ಲಕ್ಷಣಗಳೂ ಹೌದು. ನಿರ್ಲಕ್ಷ್ಯವೆಲ್ಲವೂ ಬಡತನವೇ ಎನ್ನುವುದು ಸರಿಯಲ್ಲ. ವ್ಯಸನ, ಮಾನಸಿಕ ಅನಾರೋಗ್ಯ, ನಿಜವಾದ ಕ್ರೌರ್ಯ ಇವೂ ಇರುತ್ತವೆ, ಮತ್ತು ಮಗುವನ್ನು ತೆಗೆಯದಿದ್ದರೆ ಅನಾಹುತವಾಗುವ ಮನೆಗಳಿವೆ. ಆದರೆ ಮೊದಲ ಬಗೆಯ ಮನೆಗೆ ಭೇಟಿ ಕೊಟ್ಟ ಸಿಬ್ಬಂದಿಯ ಕೈಯಲ್ಲಿ ಪೋಷಕತ್ವದ ತರಗತಿಯ ಚೀಟಿ ಇರುತ್ತದೆ, ಸಾಕು ಮನೆಯ ಪಟ್ಟಿ ಇರುತ್ತದೆ, ವಿದ್ಯುತ್ ಬಿಲ್ ಕಟ್ಟಲು ಹಣ ಇರುವುದಿಲ್ಲ. ಆ ಹಣಕ್ಕೆಂದೇ ಇದ್ದ ಅನುದಾನ ಆ ಸಿಬ್ಬಂದಿಯ ಸಂಬಳಕ್ಕೂ ಸಾಕು ಮನೆಯ ಪಾವತಿಗೂ ಹೋಗಿರುತ್ತದೆ.

2017ರ ನಂತರ

ಹನ್ನೆರಡು ತಿಂಗಳ ಮಿತಿ ಹೆಚ್ಚು ಕಾಲ ಬದಲಾಗದೆ ಉಳಿಯಲಿಲ್ಲ. 2017ರಲ್ಲಿ ಶಾಸಕಾಂಗವು ಮತ್ತೆ ಇಪ್ಪತ್ತನಾಲ್ಕು ತಿಂಗಳವರೆಗೆ ನೆರವಿಗೆ ಅವಕಾಶ ಮಾಡಿತು. ಆದರೆ ಎರಡನೆಯ ವರ್ಷಕ್ಕೆ ಷರತ್ತುಗಳಿದ್ದವು: ಉದ್ಯೋಗದ ನಿಯಮಗಳನ್ನು ಪಾಲಿಸಬೇಕು, ಮಕ್ಕಳ ಶಾಲಾ ಹಾಜರಾತಿ ನಿಗದಿತ ಮಟ್ಟದಲ್ಲಿರಬೇಕು. 2018ರ ಫೆಬ್ರವರಿಯಲ್ಲಿ ಬಂದ ಫೆಡರಲ್ ಕಾನೂನೊಂದು, ಮಗುವನ್ನು ತೆಗೆಯುವ ಮೊದಲೇ ಕುಟುಂಬಕ್ಕೆ ಕೊಡುವ ಸೇವೆಗಳಿಗೆ ಟೈಟಲ್ ಫೋರ್-ಇ ಹಣವನ್ನು ಬಳಸಲು ಮೊದಲ ಬಾರಿಗೆ ದಾರಿ ತೆರೆಯಿತು. ಮಾನಸಿಕ ಆರೋಗ್ಯ, ವ್ಯಸನಮುಕ್ತಿ, ಪೋಷಕತ್ವದ ತರಬೇತಿ ಇವು ಆ ಪಟ್ಟಿಯಲ್ಲಿವೆ. ನಗದು ಇಲ್ಲ. ಅರಿಜೋನಾದಲ್ಲಿ ಸುಪರ್ದಿಯಲ್ಲಿರುವ ಮಕ್ಕಳ ಸಂಖ್ಯೆ ಆ ದಶಕದ ಕೊನೆಯ ವೇಳೆಗೆ ಗಣನೀಯವಾಗಿ ಇಳಿದು ಹದಿನಾಲ್ಕು ಸಾವಿರದ ಸುತ್ತಮುತ್ತ ಬಂತು. ಸಂಬಂಧಿಕರಿಗೆ ಕೊಡುತ್ತಿದ್ದ 75 ಡಾಲರ್ ಭತ್ಯೆಯನ್ನು 2022ರಲ್ಲಿ 300ಕ್ಕೆ ಏರಿಸಲಾಯಿತು. ಈ ಪ್ರಕರಣದಲ್ಲಿ ಆದ ಬದಲಾವಣೆಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಇದೇ ಎಂದು ನನ್ನ ಅಭಿಪ್ರಾಯ. ಏಕೆಂದರೆ ಟ್ಯಾನ್ಫ್ ಕಾನೂನಿನ ಮೊದಲ ಉದ್ದೇಶದಲ್ಲಿರುವ 'ಸಂಬಂಧಿಕರ ಮನೆ' ಎಂಬ ಮಾತಿಗೆ ಅದು ಒಂದಿಷ್ಟು ಹಣ ಸೇರಿಸಿತು.

ಕೇಂದ್ರದ ಮಟ್ಟದಲ್ಲಿ, 2023ರ ಅಕ್ಟೋಬರ್‌ನಲ್ಲಿ ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆಯು ಟ್ಯಾನ್ಫ್ ಖರ್ಚುಗಳು ನಿಜವಾಗಿಯೂ ನಾಲ್ಕು ಉದ್ದೇಶಗಳಿಗೆ ಹೊಂದುತ್ತವೆಯೇ ಎಂದು ಬಿಗಿಯಾಗಿ ಪರೀಕ್ಷಿಸುವ ಕರಡು ನಿಯಮಗಳನ್ನು ಪ್ರಕಟಿಸಿತು. ಅವು ಅಂತಿಮಗೊಳ್ಳಲಿಲ್ಲ, 2025ರ ಜನವರಿಯಲ್ಲಿ ಹಿಂತೆಗೆದುಕೊಳ್ಳಲಾಯಿತು. ಅಂತಿಮಗೊಂಡಿದ್ದರೂ ಹಳೆಯ ತುರ್ತು ನೆರವಿನ ಉಪವಾಕ್ಯವನ್ನು ಅವು ಮುಟ್ಟುವಂತಿರಲಿಲ್ಲ. ಅದು ಕಾನೂನಿನಲ್ಲೇ ಇರುವುದರಿಂದ ಅದನ್ನು ತೆಗೆಯಬೇಕಾದರೆ ಸಂಸತ್ತೇ ತಿದ್ದುಪಡಿ ಮಾಡಬೇಕು. ಹಾಗೆ ದಿಢೀರನೆ ತೆಗೆದರೂ ಅರಿಜೋನಾದಂಥ ರಾಜ್ಯದಲ್ಲಿ ಮರುದಿನವೇ ಸಾಕು ಕುಟುಂಬಗಳ ಪಾವತಿಗೆ ಕೋಟಿಗಟ್ಟಲೆ ಡಾಲರುಗಳ ತೂತು ಬೀಳುತ್ತದೆ, ಮತ್ತು ಅದರ ಪೆಟ್ಟು ತಿನ್ನುವವರು ಈಗಾಗಲೇ ಸುಪರ್ದಿಯಲ್ಲಿರುವ ಮಕ್ಕಳು. ಹಣವನ್ನು ನಗದು ನೆರವಿನ ಸಾಲಿಗೆ ಮರಳಿಸಬೇಕಾದರೆ ಮಕ್ಕಳ ಸುರಕ್ಷತಾ ಇಲಾಖೆಯ ಆ ಪಾಲನ್ನು ರಾಜ್ಯವು ತನ್ನ ಸಾಮಾನ್ಯ ನಿಧಿಯಿಂದ ವರ್ಷವರ್ಷ ಸ್ವಲ್ಪಸ್ವಲ್ಪವಾಗಿ ಭರಿಸಿಕೊಳ್ಳುತ್ತ ಬರಬೇಕು. ಅದಕ್ಕೆ ಫೆಡರಲ್ ಅನುಮತಿ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. ರಾಜಧಾನಿ ಫೀನಿಕ್ಸ್‌ನಲ್ಲಿ ಕುಳಿತ ಶಾಸಕಾಂಗ ತನ್ನ ತೆರಿಗೆದಾರರ ಹಣವನ್ನು ಆ ಬಾಬಿಗೆ ಮಂಜೂರು ಮಾಡಿದರೆ ಆಯಿತು.